ಟಿಟವಿಯ ಚಿಂತೆ, ಎಕ್ಕೆಯ ನಿಶ್ಚಿಂತೆ

ಏನೇನಾಗಬಹುದಿತ್ತು ಎಂಬುದನ್ನು ಮೊದಲು ಹೇಳಿಬಿಡುತ್ತೇನೆ, ಮನಸ್ಸು ಹಗುರಾಗಲಿ. ನಮ್ಮ ಗಚ್ಚಿಯ, ಅಂದರೆ ತಾರಸಿಯ, ಮೇಲೆ, ಖಡಿಯ ಗುಡ್ಡೆಯಲ್ಲಿ, ಜಲ್ಲಿಕಲ್ಲಿನ ನಡುವೆ ಹಕ್ಕಿ ಇಟ್ಟ ಮೊಟ್ಟೆಗಳು ವೈಶಾಖದ ಬಿಸಿಲಿಗೆ ಬೆಂದುಹೋಗಬಹುದಿತ್ತು. ಬೇಯದೆ ಉಳಿದದ್ದನ್ನು ಕಾಗೆ ಒಯ್ಯಬಹುದಿತ್ತು, ಕಾಗೆ ಬಿಟ್ಟದ್ದನ್ನು ಬೆಕ್ಕು. ಮಳೆ ಹೊತ್ತಿಗೆ ಮೊದಲೇ ಬಂದು, ನೀರು ಹೋಗುವ ಕೊಳವೆಯಲ್ಲಿ ಕಸ ಕಟ್ಟಿಕೊಂಡು, ಗಚ್ಚಿಯೇ ಒಂದು ಸಣ್ಣ ಕೆರೆಯಾಗಿ ಮೊಟ್ಟೆಗಳು ಅದರಲ್ಲಿ ತೇಲಾಡಬಹುದಿತ್ತು. ಆ ಖಡಿಯ ಭಾರಕ್ಕೆ ಸ್ಲ್ಯಾಬು ಕುಸಿದು, ಸರಿಯಾಗಿ ಅದರ ಕೆಳಗೇ ಇರುವ ನನ್ನ ಮಂಚದ ಮೇಲೆ, ನಾನು ಮಲಗಿರುವಾಗಲೇ, ಖಡಿ, ಹಕ್ಕಿ, ಎಕ್ಕೆಗಿಡ ಎಲ್ಲವೂ ಒಟ್ಟಿಗೆ ಇಳಿಯಬಹುದಿತ್ತು. ಎಕ್ಕೆಯ ಹಾಲು ಹೆಂಡತಿಯ ಕಣ್ಣಿಗೆ ಸಿಡಿದು ಮಿರಜಿನ ಆಸ್ಪತ್ರೆಗೆ ಓಡಬೇಕಾಗಿ, ದಾರಿಯಲ್ಲಿ ಯಾವುದೋ ಮೆರವಣಿಗೆ ಅಡ್ಡ ಬರಬಹುದಿತ್ತು. ಮನೆ ಕೊಳ್ಳಲು ಬಂದ ಗಿರಾಕಿಯ ನೆತ್ತಿಯನ್ನು ಹಕ್ಕಿ ಕುಕ್ಕಿ, ಅವರು ವ್ಯವಹಾರ ಬಿಟ್ಟು ದವಾಖಾನೆಯ ಬಿಲ್ಲು ಹಿಡಿದು ನಿಲ್ಲಬಹುದಿತ್ತು. ಮರಿಗಳು ಮೇಲಿಂದ ಹಾರಿ ರಿಕ್ಷಾದ ಚಕ್ರಕ್ಕೆ ಸಿಗಬಹುದಿತ್ತು. ಕೊನೆಗೆ ಇದೆಲ್ಲ ಸುಸೂತ್ರವಾಗಿ ಮುಗಿದರೂ, ಕೃಷ್ಣೆ ಮತ್ತೊಮ್ಮೆ ಓಣಿಯೊಳಗೆ ಬಂದು ನಮ್ಮ ಬಾಗಿಲು ತಟ್ಟಬಹುದಿತ್ತು.

ಇದರಲ್ಲಿ ಒಂದೂ ಆಗಲಿಲ್ಲ. ಆಗದ್ದನ್ನೇ ಇಷ್ಟು ವಿವರವಾಗಿ ಬಲ್ಲವನು ಎಂಥವನು ಎಂದು ನಿಮಗೆ ಇಷ್ಟರಲ್ಲೇ ಗೊತ್ತಾಗಿರಬೇಕು. ನಾನು ಸಾಂಗಲಿಯ ಪೇಟೆಯಲ್ಲಿ ಅರಿಶಿಣದ ಅಡತಿ ಅಂಗಡಿ, ಅಂದರೆ ದಲಾಲಿ ಅಂಗಡಿ, ಇಟ್ಟವನು. ನಮ್ಮ ಹಿರಿಯರು ಅಥಣಿಯ ಕಡೆಯಿಂದ ವ್ಯಾಪಾರಕ್ಕೆ ಬಂದು ಇಲ್ಲೇ ಬೇರು ಬಿಟ್ಟರು. ಮನೆಯಲ್ಲಿ ಕನ್ನಡ, ಪೇಟೆಯಲ್ಲಿ ಮರಾಠಿ. ಚಿಂತೆ ಮಾತ್ರ ಎರಡರಲ್ಲೂ ನಿರರ್ಗಳ. ಫೋನು ಬಂದರೆ ಯಾಕೆ ಬಂತು ಎಂದು ಚಿಂತೆ, ಬರದಿದ್ದರೆ ಯಾಕೆ ಬರಲಿಲ್ಲ ಎಂದು. ಚಿಂತೆ ಮಾಡಲು ಏನೂ ಇಲ್ಲದ ಮಧ್ಯಾಹ್ನಗಳಲ್ಲಿ, ಏನೋ ಮರೆತಿದ್ದೇನೆ ಎಂಬ ಚಿಂತೆ.

ನಮ್ಮ ಮನೆ ನದಿಗೆ ಹತ್ತಿರದ ಓಣಿಯಲ್ಲಿದೆ. ಕಳೆದ ಮಹಾಪೂರದಲ್ಲಿ ಕೃಷ್ಣೆ ಕೆಳಮನೆಗೆ ಬಂದು, ದೇವರ ಗೂಡಿನವರೆಗೆ ಏರಿ, ಅಲ್ಲಿದ್ದ ನಮ್ಮ ಮನೆದೇವರು ಲಿಂಗಪ್ಪನಿಗೆ ತಾನೇ ಅಭಿಷೇಕ ಮಾಡಿ ಹೋದಳು. ಅಂದೇ ನಿಶ್ಚಯಿಸಿದೆ: ಈ ಮನೆ ಮಾರುವುದು, ಮಿರಜಿಗೆ ಹೋಗುವುದು. ಮಿರಜು ಎತ್ತರದ ಊರು. ಅಲ್ಲಿಯವರಿಗೆ ಪೂರ ಎಂದರೆ ಟಿವಿಯಲ್ಲಿ ನೋಡುವ ಸಂಗತಿ. ಸಾಂಗಲಿಯಿಂದ ಅಲ್ಲಿಗೆ, ಸೀಟು ತುಂಬಿದ ಮೇಲೆ ಹೊರಡುವ ವಡಾಪ ರಿಕ್ಷಾದಲ್ಲಿ ಮಂಡಿ ಮಡಚಿ ಕೂತರೆ, ಮಂಡಿ ಜೋಮು ಹಿಡಿಯುವುದರೊಳಗೆ ತಲುಪುತ್ತೀರಿ. ಹೊರಗಿನವರಿಗೆ ಇದು ನಗು ತರಿಸಬಹುದು. ಆದರೆ ಸಾಂಗಲಿಯವರು ಮಿರಜಿನವರಾಗುವುದು ಸಣ್ಣ ಮಾತಲ್ಲ. ನನ್ನ ಹೆಂಡತಿ ಸುಮಂಗಲಾ ಹುಟ್ಟಿದ್ದು ಹಿಂದಿನ ಓಣಿ, ಅವಳನ್ನು ಕೊಟ್ಟಿದ್ದು ಮುಂದಿನ ಓಣಿ. ಅವಳ ತವರಿಗೂ ಅತ್ತೆಮನೆಗೂ ನಡುವೆ ಒಂದು ಹಿಟ್ಟಿನ ಗಿರಣಿ ಮಾತ್ರ ಇದೆ. ಮಿರಜಿನ ಮಾತು ಎತ್ತಿದಾಗಲೆಲ್ಲ ಅವಳು ಒಲ್ಲೆ ಎನ್ನಲಿಲ್ಲ, ಜಗಳ ಮಾಡಲಿಲ್ಲ. "ನೋಡೂಣು" ಎಂದಳು. ಆ "ನೋಡೂಣು" ಎಂಬುದರ ಮುಂದೆ ನನ್ನ ಎಲ್ಲ ವಾದಗಳೂ ಗೋಡೆಗೆ ಒಗೆದ ಹಸಿ ಬೆರಣಿಯಂತೆ ಅಲ್ಲೇ ಅಂಟಿಕೊಂಡು ಒಣಗಿಹೋಗುತ್ತಿದ್ದವು.

ಈ ಬೇಸಿಗೆಯಲ್ಲಿ ನಾನು ಗಟ್ಟಿಯಾದೆ. ಮಿರಜಿನಲ್ಲಿ ಒಂದು ಫ್ಲ್ಯಾಟು ಬಾಡಿಗೆಗೆ ಹಿಡಿದೆ. ಮನೆಗೆ ಗಿರಾಕಿಯನ್ನೂ ಹುಡುಕಿದೆ. ನಮ್ಮ ಪೇಟೆಯಲ್ಲೇ ಬೇದಾಣೆಯ, ಅಂದರೆ ಒಣದ್ರಾಕ್ಷಿಯ, ವ್ಯಾಪಾರ ಮಾಡುವ ಚೌಗುಲೆ ಎಂಬ ಮರಾಠಿ ಗೃಹಸ್ಥರು. ಮಳೆ ಹಿಡಿಯುವ ಮೊದಲು ಒಂದು ರವಿವಾರ ಬಂದು ಮನೆ ನೋಡಿ ಮಾತು ಮುಗಿಸುವುದೆಂದು ಆಯಿತು. ಸುಮಂಗಲಾ ಈಗಲೂ "ನೋಡೂಣು" ಎಂದಳು. ಆದರೆ ಈ ಸಲ ಹಾಗೆ ಅನ್ನುವಾಗ ಅವಳು ನನ್ನ ಮುಖ ನೋಡಲಿಲ್ಲ, ಅಡುಗೆಮನೆಯ ಗೋಡೆ ನೋಡಿದಳು.

ಇಷ್ಟರಲ್ಲಿ ಹಕ್ಕಿ ಬಂತು.

ಹಕ್ಕಿಗಿಂತ ಮೊದಲು ಗಿಡದ ಕತೆ ಹೇಳಬೇಕು, ಗಿಡಕ್ಕಿಂತ ಮೊದಲು ಖಡಿಯದು. ಮಹಾಪೂರದ ವರ್ಷ ಗೋಡೆಗಳು ನೆನೆದು, ಗಚ್ಚಿಯ ಸುತ್ತಿನ ಮೋಟುಗೋಡೆಯಲ್ಲಿ ಓಣಿಯ ಬದಿಯ ಒಂದು ತುಂಡು ಬಿದ್ದುಹೋಯಿತು. ರಿಪೇರಿಗೆಂದು ಖಡಿ, ಉಸುಕು ಮೇಲೆ ಹಾಕಿಸಿದೆ. ಹಾಕಿಸಿದ ಮೇಲೆ ಯೋಚನೆ ಬಂತು: ನೆನೆದ ಗೋಡೆ ಹೊಸ ಭಾರ ತಡೆಯುತ್ತದೆಯೇ? ಒಬ್ಬ ಇಂಜಿನಿಯರರನ್ನು ಕೇಳಿದೆ. ತಡೆಯುತ್ತದೆ ಎಂದರು. ಅಷ್ಟು ಬೇಗ ಹೇಳಿದ್ದರಿಂದಲೇ ನನಗೆ ಅನುಮಾನ ಬಂತು. ಖಡಿ ಹಾಗೇ ಉಳಿಯಿತು, ಗೋಡೆಯ ಬಾಯಿ ಹಾಗೇ ತೆರೆದುಕೊಂಡಿತು, ಅದಕ್ಕೆ ಅಡ್ಡ ಒಂದು ಹಗ್ಗ ಕಟ್ಟಿದೆ. ಮುಂದಿನ ಮಳೆಗಾಲಕ್ಕೆ ಆ ಖಡಿಯ ನಡುವೆ ಎರಡು ಎಲೆ ಕಾಣಿಸಿದವು.

ಎಕ್ಕೆಗೆ ಯಾರೂ ಒಂದು ತಂಬಿಗೆ ನೀರು ಹಾಕಲಿಲ್ಲ. ನೀರು ಹಾಕಿಸಿಕೊಂಡು ಬೆಳೆಯುವ ಅಭ್ಯಾಸ ಅದರ ಮನೆತನದಲ್ಲೇ ಇಲ್ಲ. ಕುಪವಾಡದ ಕೈಗಾರಿಕಾ ವಸಾಹತು ಎಂಐಡಿಸಿಯಲ್ಲಿ ನೀವು ನೋಡಿರಬಹುದು, ಕಾರಖಾನೆಯ ಕಂಪೌಂಡಿನ ಹೊರಗೆ, ತುಕ್ಕು ಹಿಡಿದ ತಗಡು ಮತ್ತು ಎಣ್ಣೆ ಕುಡಿದ ಮಣ್ಣಿನಲ್ಲಿ, ಒಳ್ಳೆಯ ಮನೆಯ ಸೊಸೆಯ ಹಾಗೆ ತುಂಬಿಕೊಂಡು ನಿಂತಿರುತ್ತದೆ. ದಪ್ಪ ಎಲೆ, ಅದರ ಮೇಲೆ ಹಿಟ್ಟು ಉದುರಿಸಿದಂಥ ಬೂದಿ ಬಣ್ಣ. ನಡುವೆ ಪುಟ್ಟ ಕಿರೀಟವನ್ನು ಹೊತ್ತ, ಮೇಣದಲ್ಲಿ ಮಾಡಿಟ್ಟಂಥ ತಿಳಿನೇರಳೆ ಹೂ. ಆಡು ಮೂಸಿ ನೋಡಿ ಮುಂದೆ ಹೋಗುತ್ತದೆ. ಮುರಿದರೆ ಹಾಲು ಸುರಿಸುತ್ತದೆ. ಆ ಹಾಲು ಕುಡಿಯಲಿಕ್ಕಲ್ಲ, ಮುರಿದವನಿಗೆ ಬುದ್ಧಿ ಕಲಿಸಲಿಕ್ಕೆ. ಕಾಯಿ ಒಣಗಿ ಬಿರಿದಾಗ ಒಳಗಿನ ಬೀಜಗಳಿಗೆ ರೇಷ್ಮೆಯಂಥ ಕೂದಲು ಕಟ್ಟಿ ಗಾಳಿಗೆ ಬಿಟ್ಟುಕೊಡುತ್ತದೆ. ಯಾವ ಊರು, ಯಾರ ಗಚ್ಚಿ, ನೆಲ ಹೇಗಿದೆ, ಒಂದು ಮಾತು ಕೇಳುವುದಿಲ್ಲ. ಒಬ್ಬ ಮಗಳನ್ನು ಕಾಲೇಜಿಗೆ ಕಳಿಸಿ ತಿರುಗಿ ಬರುವವರೆಗೆ ಬಾಗಿಲಲ್ಲಿ ನಿಲ್ಲುವ ನನಗೆ ಇದು ಬೇಜವಾಬ್ದಾರಿಯ ಪರಮಾವಧಿಯಾಗಿ ಕಾಣುತ್ತಿತ್ತು.

ಬೇರು ಸ್ಲ್ಯಾಬಿನೊಳಗೆ ಇಳಿಯುತ್ತದೆ, ಕೀಳಿಸಿಬಿಡುತ್ತೇನೆ ಎಂದು ಹೊರಟರೆ ಸುಮಂಗಲಾ ಬಿಡಲಿಲ್ಲ. ಅವಳಿಗೆ ಶನಿವಾರ ಮಾರುತಿಗೆ ಹಾಕುವ ಹಾರಕ್ಕೆ ಅದರ ಎಲೆ ಬೇಕು. ಲಿಂಗಪ್ಪನ ಮನೆಯವರು ಮಾರುತಿಗೆ ಹಾರ ಹಾಕುವುದು ನಮ್ಮ ಅಜ್ಜಿಯ ಕಾಲದಲ್ಲಿ ಇರಲಿಲ್ಲ, ಇದು ಮರಾಠಿ ನೆರೆಹೊರೆಯಿಂದ ಬಂದದ್ದು. ನೆರೆಯಿಂದ ನಮ್ಮ ಮನೆಯೊಳಗೆ ಬಂದದ್ದು ಕೆಸರೊಂದೇ ಅಲ್ಲ, ಇಂಥವೂ ಉಂಟು. ನನ್ನ ಪಾಂಡಿತ್ಯವನ್ನು ಬಳಸಿ ಅವಳ ಮನಸ್ಸು ತಿರುಗಿಸಲು ನೋಡಿದೆ. ಹಿಂದೆ ಮೂರನೆಯ ಮದುವೆಗೆ ನಿಂತ ಗಂಡಿನಿಂದ ಮೊದಲು ಎಕ್ಕೆಗಿಡಕ್ಕೆ ತಾಳಿ ಕಟ್ಟಿಸುತ್ತಿದ್ದರಂತೆ, ಅವನ ಕೇಡೆಲ್ಲ ಗಿಡದ ಮೇಲೆ ಹೋಗಲಿ ಎಂದು. ಇಂಥ ಗಿಡ ಮನೆಯ ಮೇಲೆ ಇರಬಾರದು ಎಂದೆ. ಅವಳು ಎಲೆಯ ತೊಟ್ಟಿನ ಹಾಲನ್ನು ಗೋಡೆಗೆ ಒರೆಸುತ್ತ ಹೇಳಿದಳು: "ಹಂಗಾರ ನಾನೂ ಎಕ್ಕೀನ ಆದ್ನಲ್ಲರೀ. ನಿಮ್ಮ ತಲ್ಯಾಗಿನ ಕಾಟ ಎಲ್ಲಾ ನನ್ನ ಮ್ಯಾಲೇ ಬೀಳತಾವು."

ಇನ್ನು ಹಕ್ಕಿ. ಒಂದು ಬೆಳಿಗ್ಗೆ ಮೊಟ್ಟಮೊದಲ ಸಲ ಅದು ನನ್ನನ್ನು ಬೈದಾಗ ನಾನು ಹಲ್ಲುಜ್ಜುತ್ತ ಗಚ್ಚಿಗೆ ಹೋಗಿದ್ದೆ. ಹಳದಿ ಬಣ್ಣದ ಉದ್ದ ಕಾಲು, ಕರಿ ತಲೆ, ಬಿಳಿ ಹೊಟ್ಟೆ, ಕಣ್ಣಿನ ಮುಂದೆ ಕೆಂಪು ಚರ್ಮದ ತುಣುಕು. ನಿದ್ದೆಗೆಟ್ಟು ಕೂತ ಮನುಷ್ಯನ ಕಣ್ಣಿನ ಹಾಗೆ. ಟಿಟ್ಟಿಭ, ನಮ್ಮ ಕಡೆ ಟಿಟವಿ ಅನ್ನುತ್ತೇವೆ. ಬೆಳ್ಳಕ್ಕಿ, ಕೊಕ್ಕರೆಗಳಂತೆ ಇದೂ ನೀರಂಚಿನಲ್ಲಿ ಕಾಲಾಡಿಸಿ ಹುಳು ಹೆಕ್ಕುವ ಕಸುಬಿನದೇ. ಆದರೆ ಬೆಳ್ಳಕ್ಕಿಯ ಗಾಂಭೀರ್ಯ ಇದಕ್ಕೆ ಬರಲಿಲ್ಲ. ಬೆಳ್ಳಕ್ಕಿ ಒಂದು ಹೆಜ್ಜೆ ಇಟ್ಟು ಧ್ಯಾನಕ್ಕೆ ನಿಲ್ಲುತ್ತದೆ. ಇದು ನಾಲ್ಕು ಹೆಜ್ಜೆ ಓಡಿ, ಗಕ್ಕನೆ ನಿಂತು, ಹಿಂದೆ ನೋಡಿ, ಯಾರಾದರೂ ನೋಡಿದರೇನೋ ಎಂದು ಮತ್ತೆ ನಾಲ್ಕು ಹೆಜ್ಜೆ ಓಡುತ್ತದೆ. ಅದರ ಕೂಗು ಒಬ್ಬೊಬ್ಬರಿಗೆ ಒಂದೊಂದು ಥರ ಕೇಳುತ್ತದೆಯಂತೆ. ನನಗೆ ಮಾತ್ರ ಅದು "ಏನಾತ್ರೀ, ಏನಾತ್ರೀ" ಎಂದೇ ಕೇಳಿತು. ನಾನು ದಿನಕ್ಕೆ ಎಷ್ಟೋ ಸಲ ಆಡುವ ಮಾತನ್ನೇ ಯಾರೋ ತಲೆಯ ಮೇಲೆ ಸುತ್ತುತ್ತ ಆಡಿದಂತಾಯಿತು.

ಇಷ್ಟು ಹೆದರುವ ಹಕ್ಕಿ ಗೂಡು ಎಲ್ಲಿ ಕಟ್ಟಬೇಕು? ದಟ್ಟ ಮರದಲ್ಲಿ, ಪೊಟರೆಯಲ್ಲಿ, ಬೀಗ ಹಾಕಿಕೊಂಡು ಕೂರಬೇಕು. ಇದು ಗೂಡನ್ನೇ ಕಟ್ಟುವುದಿಲ್ಲ. ಬಯಲಿನಲ್ಲಿ, ನಾಲ್ಕು ಹರಳು ಸರಿಸಿ, ಆಕಾಶಕ್ಕೆ ಮುಖ ಮಾಡಿ ಮೊಟ್ಟೆ ಇಟ್ಟುಬಿಡುತ್ತದೆ, ಆಮೇಲೆ ಇಡೀ ಲೋಕ ಅದನ್ನೇ ಕದಿಯಲು ಬರುತ್ತಿದೆ ಎಂದು ಕಿರುಚುತ್ತ ಸುತ್ತುತ್ತದೆ. ನಮ್ಮ ಖಡಿಯಲ್ಲಿ, ಎಕ್ಕೆಯ ಬುಡದಿಂದ ಒಂದು ಮಾರು ಆಚೆ, ನಾಲ್ಕು ಮೊಟ್ಟೆ ಇಟ್ಟಿತ್ತು. ಖಡಿಯ ಬಣ್ಣ, ಖಡಿಯ ಮಚ್ಚೆ. ಕಾಲಿಡುವ ಮೊದಲು ಬಗ್ಗಿ ನೋಡಿದ್ದರಿಂದ ಉಳಿದವು. ನನ್ನ ಸ್ವಭಾವದಿಂದ ಜಗತ್ತಿಗೆ ಆದ ಏಕೈಕ ಉಪಕಾರ ಅದೇ ಇರಬೇಕು.

ಪಕ್ಕದ ಮನೆಯ ಬಾಳು ಕಾಕಾ ನೋಡಲು ಬಂದರು. ಮಾಧವನಗರದ ಬಟ್ಟೆ ಗಿರಣಿಯಲ್ಲಿ ದುಡಿದು ನಿವೃತ್ತರಾದವರು, ಈಗ ಓಣಿಯ ಎಲ್ಲ ವಿಷಯಗಳಿಗೂ ಅವರೇ ಮುಕಾದಮ. ಮೊಟ್ಟೆ ನೋಡಿ ಗಲ್ಲ ಕೆರೆದುಕೊಂಡರು.

"ಬಸಣ್ಣಾ, ಟಿಟವಿ ಹೊಲದಾಗ ತತ್ತಿ ಇಟ್ರ ಮಳಿ ಕಡಿಮಿ. ಬದುವಿನ ಮ್ಯಾಲ ಇಟ್ರ ಮಳಿ ಜಾಸ್ತಿ."

"ಗಚ್ಚಿ ಮ್ಯಾಲ ಇಟ್ರ, ಕಾಕಾ?"

ಕಾಕಾ ಒಮ್ಮೆ ನದಿಯ ಕಡೆ ನೋಡಿದರು, ಒಮ್ಮೆ ನಮ್ಮ ಕೆಳಮನೆಯ ಕಡೆ. "ಗಚ್ಚಿ ಮ್ಯಾಲ ಇಟ್ಟದ್ದು ನಾ ಈ ಜನ್ಮದಾಗ ಕೇಳಿಲ್ಲಪಾ" ಎಂದು ಹೇಳಿ, ಚಪ್ಪಲಿ ಮೆಟ್ಟಿಕೊಂಡು ಬೇಗ ಬೇಗ ಇಳಿದು ಹೋದರು. ಆಮೇಲೆ ಅವರ ಮನೆಯಲ್ಲಿ ಕಪಾಟನ್ನು ಮೇಲಕ್ಕೆ ಎಳೆಯುವ ಸದ್ದು ಕೇಳಿಸಿತು.

ನನಗೆ ಇಷ್ಟು ಸಾಕಾಯಿತು. ಮರುದಿನದಿಂದಲೇ ಸಾಮಾನು ಕಟ್ಟಲು ಹತ್ತಿದೆ. ನಿತ್ಯ ಬೇಕಾಗದ್ದು ಮೊದಲು, ಬೇಕಾದದ್ದು ಆಮೇಲೆ ಎಂಬ ಶಾಸ್ತ್ರೀಯ ಕ್ರಮದಲ್ಲಿ ಒಂದೊಂದು ಪೆಟ್ಟಿಗೆಯನ್ನು ವಡಾಪ ರಿಕ್ಷಾದಲ್ಲಿ ತೊಡೆಯ ಮೇಲಿಟ್ಟುಕೊಂಡು ಮಿರಜಿಗೆ ಸಾಗಿಸಿದೆ. ಸುಮಂಗಲಾ ಒಂದೇ ಒಂದು ಷರತ್ತು ಹಾಕಿದಳು: ಮರಿಗಳು ಇಳಿದು ಹೋಗುವವರೆಗೆ ಗಚ್ಚಿಯ ಮೇಲೆ ಏನೂ ಕೀಳುವಂತಿಲ್ಲ, ಖಡಿ ಮುಟ್ಟುವಂತಿಲ್ಲ. "ಬಸರಿ ಬಾಣಂತೀನ ಯಾರರ ಮನಿ ಬಿಡಸತಾರೇನ್ರಿ?" ಎಂದಳು. ಮಾತು ಹಕ್ಕಿಯದೇ ಆಗಿತ್ತು, ಆದರೂ ನಾನು ತಲೆ ತಗ್ಗಿಸಿದೆ.

ಹೀಗೆ ಬೇಸಿಗೆಯ ಕೊನೆಯನ್ನು ನಾನು ಗಚ್ಚಿಯ ಬಾಗಿಲ ಸಂದಿಯಲ್ಲಿ ಕಣ್ಣಿಟ್ಟು ಕಳೆದೆ. ಟಿಟವಿ ಕಾಲು ಮೇಲೆ ಮಾಡಿ ಮಲಗುತ್ತದೆ, ಆಕಾಶ ಬಿದ್ದರೆ ಹಿಡಿಯಬೇಕಲ್ಲ ಎಂದು, ಅನ್ನುವುದನ್ನು ನೀವೂ ಕೇಳಿರಬಹುದು. ಆ ಒಂದು ದೃಶ್ಯಕ್ಕಾಗಿ ಎಷ್ಟು ಮಧ್ಯಾಹ್ನ ಕಾದೆ! ಅದು ನೆಟ್ಟಗೆ ಕೂತೇ ಕಣ್ಣು ಮುಚ್ಚುತ್ತದೆ. ನಮ್ಮ ಮನೆಯಲ್ಲಿ ಕಾಲು ಮೇಲೆ ಮಾಡಿ ಮಲಗುವವನು ಕೆಳಗಿನ ಮಂಚದ ಮೇಲೆ ನಾನೊಬ್ಬನೇ, ಅದೂ ಕಾಲಿನ ನರ ಉಬ್ಬಿವೆ, ದಿಂಬಿನ ಮೇಲಿಡಿ ಎಂದು ಡಾಕ್ಟರು ಹೇಳಿದ್ದರಿಂದ. ಆಕಾಶ ಹಿಡಿಯುವ ಕೆಲಸವನ್ನು ಸುಮ್ಮನೆ ಹಕ್ಕಿಯ ತಲೆಗೆ ಕಟ್ಟಿದ್ದಾರೆ.

ಇನ್ನೊಂದು ನೋಡಿದೆ. ಬಿಸಿಲು ಏರಿದಾಗ ಗಂಡು ಹೆಣ್ಣು ಸರತಿಯ ಮೇಲೆ ನದಿಗೆ ಹೋಗುತ್ತಿದ್ದವು. ತಿರುಗಿ ಬಂದು ಮೊಟ್ಟೆಯ ಮೇಲೆ ಕೂತಾಗ ಖಡಿ ಒದ್ದೆಯಾಗುತ್ತಿತ್ತು. ಎದೆಯ ಪುಕ್ಕವನ್ನು ಕೃಷ್ಣೆಯಲ್ಲಿ ಅದ್ದಿಕೊಂಡು ಬಂದು ಮೊಟ್ಟೆಗಳನ್ನು ತಂಪು ಮಾಡುವುದು. ನಾನು ಯಾವ ನೀರಿಗೆ ಹೆದರಿ ಮನೆ ಬಿಡಲು ಹೊರಟಿದ್ದೆನೋ ಅದೇ ನೀರನ್ನು ಅವು ಎದೆಗೆ ಹಚ್ಚಿಕೊಂಡು ನನ್ನ ಗಚ್ಚಿಗೆ ಹೊರುತ್ತಿದ್ದವು. ಮಹಾಪೂರದಲ್ಲೂ ಮೇಲೇರದ ಕೃಷ್ಣೆ ಹೀಗೆ ಹನಿಹನಿಯಾಗಿ ನಮ್ಮ ಗಚ್ಚಿ ಮುಟ್ಟಿದಳು.

ಒಂದು ಸಂಜೆ ನಾನು ಮೆಟ್ಟಿಲ ಮೇಲೆ ನಿಂತು "ಅದು ಎಷ್ಟೊತ್ತಾದ್ರೂ ಬರಲಿಲ್ಲ, ಏನಾತೋ ಏನೋ" ಎಂದು ಮೂರು ಸಲ ಅಂದಿರಬೇಕು. ಸುಮಂಗಲಾ ಪಕ್ಕದಲ್ಲೇ ಎಕ್ಕೆಯ ಕೆಳಗೆ ಕೂತು ಹಾರ ಕಟ್ಟುತ್ತಿದ್ದಳು. ಟಿಟವಿ ಅವಳಿಗೆ ಬಯ್ಯುತ್ತಿರಲಿಲ್ಲ, ಅವಳನ್ನು ಅದು ಗಿಡದ ಲೆಕ್ಕಕ್ಕೆ ಹಿಡಿದಂತಿತ್ತು. ನಮ್ಮ ಮಗಳು ಶ್ರುತಿಗೆ ಕನ್ನಡ ಎಲ್ಲಾ ತಿಳಿಯುತ್ತದೆ, ಉತ್ತರ ಕೊಡುವುದು ಮಾತ್ರ ಮರಾಠಿಯಲ್ಲಿ. ಅವಳು ನಮ್ಮಿಬ್ಬರನ್ನೂ ನೋಡಿ, ಫೋನಿನಿಂದ ಒಂದು ಕ್ಷಣ ಕಣ್ಣು ಕಿತ್ತು ಹೇಳಿದಳು: "ಬಾಬಾ, ತುಮ್ಹೀ ಟಿಟವಿ. ಆಯಿ ರುಯಿ." ಅಪ್ಪ ಟಿಟವಿ, ಅವ್ವ ಎಕ್ಕೆ. ಕಾಲೇಜಿಗೆ ಕಟ್ಟಿದ ಫೀಸೆಲ್ಲ ಆ ಒಂದು ವಾಕ್ಯದಲ್ಲಿ ವಸೂಲಾಯಿತು.

ಹೋಲಿಕೆಯನ್ನು ಆಮೇಲೆ ಬಹಳ ದಿನ ಜಗಿದೆ. ಮಹಾಪೂರದ ಆ ದಿನಗಳಲ್ಲಿ ಇದೇ ಗಚ್ಚಿಯ ಮೇಲೆ ನಾವು ಹೇಗಿದ್ದೆವು? ನಾನು ಅಂಚಿನಿಂದ ಅಂಚಿಗೆ ಓಡುತ್ತ, ನೀರು ಏರಿತು ಏರಿತು ಎಂದು, ಕಣ್ಣೆದುರೇ ನೀರು ಕಾಣುತ್ತಿದ್ದ ಜನಕ್ಕೆ ಕೂಗಿ ಹೇಳುತ್ತಿದ್ದೆ. ಅವಳು ಹಿಟ್ಟಿನ ಡಬ್ಬಿ, ಸ್ಟೋವು ಮೇಲೆ ತಂದು, ಒಂದು ಮೂಲೆ ಹಿಡಿದು ಕೂತು, ಗಚ್ಚಿಗಳ ಮೇಲೆ ಸಿಕ್ಕಿಬಿದ್ದ ಆಚೀಚೆಯ ಮನೆಯವರಿಗೆಲ್ಲ ಜೋಳದ ಭಕ್ಕರಿ ಬಡಿದು ಬಡಿದು ಗೋಡೆಯ ಮೇಲಿಂದ ದಾಟಿಸುತ್ತಿದ್ದಳು. ಹೌದು, ಶ್ರುತಿ ಹೇಳಿದ್ದು ನಿಜ. ಆದರೆ ಒಂದು ವ್ಯತ್ಯಾಸ ಅವಳ ಕಣ್ಣಿಗೆ ಬಿದ್ದಿರಲಿಲ್ಲ. ನಾನು ಬಾಗಿಲು ಮುಚ್ಚಿ ಕೆಳಗೆ ಇಳಿದ ಕೂಡಲೇ ಟಿಟವಿ ಸುಮ್ಮನಾಗುತ್ತದೆ. ಎದುರಿಗೆ ಬಂದದ್ದಕ್ಕೆ ಹೆದರುತ್ತದೆ, ಹೋದ ಮೇಲೆ ಬಿಡುತ್ತದೆ, ಹೋಗಿ ಮೊಟ್ಟೆಯ ಮೇಲೆ ಕೂರುತ್ತದೆ. ನಾಳೆ ಬರಬಹುದಾದ ಬೆಕ್ಕಿನ ಸಲುವಾಗಿ ಇವತ್ತು ಮೊಟ್ಟೆಗಳನ್ನು ಮಿರಜಿಗೆ ಸಾಗಿಸುವುದಿಲ್ಲ. ಟಿಟವಿಯ ಕುಲಕ್ಕೂ ನಾನು ಪೂರ್ತಿ ಸಲ್ಲುವವನಲ್ಲ ಎಂದಾಯಿತು.

ಚೌಗುಲೆ ಬರಬೇಕಾದ ರವಿವಾರವೂ ಬಂತು. ಹಿಂದಿನ ದಿನವಷ್ಟೇ ಮೊಟ್ಟೆ ಒಡೆದಿದ್ದವು. ನಾಲ್ಕು ಮರಿ, ಮರಿ ಅನ್ನುವುದಕ್ಕಿಂತ ಕಡ್ಡಿಗೆ ಸುತ್ತಿದ ಹತ್ತಿ. ನಾನು ಬೆಳಿಗ್ಗೆ ಹೊಸ ಧೋತರ ಉಟ್ಟು, ಗಿರಾಕಿಗೆ ಏನು ತೋರಿಸಬೇಕು ಏನು ಮುಚ್ಚಬೇಕು ಎಂದು ಯೋಚಿಸುತ್ತ ನಿಂತಿದ್ದಾಗ ಓಣಿಯಿಂದ ಬಾಳು ಕಾಕಾ ಕೂಗಿದರು.

"ಬಸಣ್ಣಾ! ತಾಯಿ ತಂದಿ ಕೆಳಗ ಇಳದಾವು! ಮರಿಗಳನ್ನ ಕರಿಯಾಕ ಹತ್ಯಾವು!"

ಹೊರಗೆ ಓಡಿ ನೋಡಿದರೆ ಎರಡೂ ಟಿಟವಿ ಓಣಿಯ ನಡುವೆ ನಿಂತು ಮೇಲೆ ನೋಡುತ್ತ ಕರೆಯುತ್ತಿವೆ. ಮೇಲೆ, ಗೋಡೆ ಬಿದ್ದ ಬಾಯಲ್ಲಿ, ನಾನು ಕಟ್ಟಿದ ಹಗ್ಗದ ಕೆಳಗೆ, ನಾಲ್ಕು ಹತ್ತಿಯುಂಡೆ ಸಾಲಾಗಿ ನಿಂತು ಕೆಳಗೆ ನೋಡುತ್ತಿವೆ. ರೆಕ್ಕೆ ಇನ್ನೂ ಬಂದಿಲ್ಲ. ಎರಡು ಮಜಲಿನ ಎತ್ತರ.

"ಚಾದರ ತರ್ರಿ!" ಮೇಲಿನ ಕಿಟಕಿಯಿಂದ ಸುಮಂಗಲಾ ಕೂಗಿದಳು, ಕೂಗಿದವಳೇ ಮಂಚದ ಮೇಲಿನ ಚಾದರವನ್ನು ಎಳೆದು ಕೆಳಗೆ ಒಗೆದಳು. ಕಾಕಾ ಎದುರಿಗೆ ಬರುತ್ತಿದ್ದ ವಡಾಪ ರಿಕ್ಷಾಕ್ಕೆ ಅಡ್ಡ ನಿಂತು ಅದನ್ನು ನಿಲ್ಲಿಸಿದರು. ಅದರಿಂದ ಇಳಿದವರಲ್ಲಿ ಚೌಗುಲೆಯವರೂ ಇದ್ದರು. ರಾಮರಾಮ ಹೇಳುವುದಕ್ಕೂ ಬಿಡದೆ ಅವರ ಕೈಗೆ ಚಾದರದ ಒಂದು ಮೂಲೆ ಬಂತು. ಆ ಬದಿಗೆ ಕಾಕಾ ಮತ್ತು ಶ್ರುತಿ, ಈ ಬದಿಗೆ ಚೌಗುಲೆ ಮತ್ತು ನಾನು. ಚಾದರದ ಅಂಚು ನಮ್ಮಿಬ್ಬರ ಕೈಗಳ ಮೇಲೆ ಇಳಿಬಿದ್ದಿತ್ತು. ಎಲ್ಲರೂ ಮುಖ ಮೇಲೆ ಮಾಡಿ ನಿಂತೆವು.

ಆಗ ಚಾದರದ ಕೆಳಗೆ ಯಾರೋ ನನ್ನ ಬೆರಳು ಹಿಡಿದರು.

ಇಲ್ಲಿ ಒಂದು ಮಾತು ಹೇಳಬೇಕು. ಈಗ ಪೇಟೆಯಲ್ಲಿ ದರವನ್ನು ಬಾಯಿಬಿಟ್ಟು ಕೂಗುತ್ತಾರೆ, ಕಂಪ್ಯೂಟರಿನಲ್ಲೂ ಹಾಕುತ್ತಾರೆ. ನಮ್ಮಪ್ಪನ ಕಾಲದಲ್ಲಿ ಹಾಗಿರಲಿಲ್ಲ. ಕೊಳ್ಳುವವನೂ ಮಾರುವವನೂ ಕೈಗಳ ಮೇಲೆ ರುಮಾಲು ಹಾಕಿಕೊಂಡು, ಅದರ ಕೆಳಗೆ ಬೆರಳು ಹಿಡಿದು ದರ ಹೇಳುತ್ತಿದ್ದರು. ಮೇಲೆ ಮಳೆಬೆಳೆಯ ಮಾತು, ಕೆಳಗೆ ವ್ಯವಹಾರ. ಹಿಡಿದ ಬೆರಳಿಗೆ ತಿರುಗಿ ಒತ್ತಿದರೆ ಒಪ್ಪಿಗೆ. ಕೈ ಎಳೆದುಕೊಂಡರೆ ಮುಗಿಯಿತು, ಈ ಮಾಲು ನಿನಗಿಲ್ಲ. ಮತ್ತೆ ಕೇಳುವುದು ಮರ್ಯಾದೆಯಲ್ಲ. ನಾನು, ಚೌಗುಲೆ ಇಬ್ಬರೂ ಅಂಗಡಿಯಲ್ಲಿ ಅಪ್ಪಂದಿರ ಪಕ್ಕಕ್ಕೆ ಕೂತು ಇದನ್ನು ಕಲಿತವರು. ಬಟ್ಟೆಯ ಕೆಳಗೆ ಪೇಟೆಯವನ ಕೈಗೆ ಪೇಟೆಯವನ ಕೈ ತಗುಲಿದರೆ ಅದು ತಾನಾಗಿಯೇ ಮಾತಾಡುತ್ತದೆ. ಅವರ ಕಣ್ಣು ಮರಿಗಳ ಮೇಲೇ ಇತ್ತು. ಬೆರಳು ಮಾತ್ರ ನನ್ನ ಮನೆಗೆ ದರ ಹೇಳುತ್ತಿತ್ತು. ಎಷ್ಟು ಎಂದು ಹೇಳಲಾರೆ, ಅದು ರುಮಾಲಿನ ಕೆಳಗಿನ ಗುಟ್ಟು. ನಾನು ಎಣಿಸಿದ್ದಕ್ಕಿಂತ ಒಂದು ಬೆರಳು ಹೆಚ್ಚೇ ಇತ್ತು ಅಂತ ಇಟ್ಟುಕೊಳ್ಳಿ.

ಒತ್ತಿದ್ದರೆ ಮುಗಿಯುತ್ತಿತ್ತು. ಮಹಾಪೂರದಿಂದ ನಾನು ಕಾದ ಘಳಿಗೆ ಅದೇ. ನದಿ, ನೆರೆ, ಕೆಸರು, ಕಪಾಟು ಎತ್ತುವುದು, ಎಲ್ಲದರಿಂದಲೂ ಒಂದು ಒತ್ತಿನ ಬಿಡುಗಡೆ.

ಅಷ್ಟರಲ್ಲಿ ಮೊದಲನೆಯ ಮರಿ ಗಾಳಿಗೆ ಕಾಲಿಟ್ಟಿತು. ಹಾರಿತು ಅನ್ನಲಾರೆ, ನೆಲ ಇದೆ ಎಂದು ತಿಳಿದು ನಡೆದುಬಿಟ್ಟಿತು. ಗಾಳಿ ಅದನ್ನು ಕಾಕಾರ ಕಡೆ, ಗಟಾರದ ಕಡೆ ದೂಡಿತು. "ಇಕಡೆ, ಇಕಡೆ!" ಎಂದು ಶ್ರುತಿ ಚೀರಿದಳು. ನಾನು ಏನನ್ನೂ ಯೋಚಿಸಲಿಲ್ಲ. ಕೈ ಕಿತ್ತುಕೊಂಡು, ಚಾದರವನ್ನು ಎರಡೂ ಮುಷ್ಟಿಯಲ್ಲಿ ಹಿಡಿದು ಗಟಾರದ ಕಡೆ ನುಗ್ಗಿದೆ. ಮರಿ ಅಂಚಿಗೆ ಬಿದ್ದು, ಪುಟಿದು, ನೆಲಕ್ಕೆ ಉರುಳಿ, ಎದ್ದು ತಾಯಿಯ ಕಡೆ ಓಡಿತು. ಉಳಿದ ಮೂರು ನಮ್ಮ ವ್ಯವಸ್ಥೆಯನ್ನು ಮೇಲಿಂದಲೇ ಪರಿಶೀಲಿಸಿ, ಚಾದರವನ್ನು ಬಿಟ್ಟು, ನೇರವಾಗಿ ರಸ್ತೆಗೇ ಧುಮುಕಿದವು. ಒಂದು ಕ್ಷಣ ಹರಳಿನಂತೆ ಬಿದ್ದುಕೊಂಡವು. ಆಮೇಲೆ ಒಂದೊಂದಾಗಿ ಎದ್ದು, ಮೈ ಕೊಡವಿಕೊಂಡು, ಏನೂ ಆಗಿಲ್ಲವೆಂಬಂತೆ ಓಡಿದವು. ಅಪ್ಪ ಮುಂದೆ, ಅವ್ವ ಹಿಂದೆ, ನಡುವೆ ನಾಲ್ಕು ಹತ್ತಿಯುಂಡೆ. ರಿಕ್ಷಾದ ಮುಂದಿನಿಂದ, ಹಿಟ್ಟಿನ ಗಿರಣಿಯ ಪಕ್ಕದಿಂದ, ನದಿಯ ಕಡೆಗೆ ಇಡೀ ಸಂಸಾರ ನಡೆದು ಹೋಯಿತು. ಜನ ಚಪ್ಪಾಳೆ ತಟ್ಟಿದರು. ಅವು ನಮ್ಮೆಲ್ಲರಿಗೂ ಬೈದವು.

ತಿರುಗಿ ನೋಡಿದೆ. ಚೌಗುಲೆ ತಮ್ಮ ಖಾಲಿ ಕೈ ನೋಡಿಕೊಳ್ಳುತ್ತಿದ್ದರು. "ಬರಂ," ಎಂದರು ಮೆಲ್ಲಗೆ. "ಕಳಲಂ ಮಲಾ." ಸರಿ, ನನಗೆ ತಿಳಿಯಿತು.

ಹಾಗಲ್ಲ, ಅದು ಮರಿಗಾಗಿ ಎಳೆದುಕೊಂಡದ್ದು ಎಂದು ಹೇಳಲು ಬಾಯಿ ತೆರೆದೆ. ಯಾಕೋ ಮೇಲೆ ನೋಡಿದೆ. ಕಿಟಕಿಯಲ್ಲಿ ಸುಮಂಗಲಾ ನಿಂತಿದ್ದಳು. ಅಡತಿ ಮನೆಯ ಸೊಸೆ ಅವಳು, ಬಟ್ಟೆಯ ಕೆಳಗಿನಿಂದ ಹೊರಬಂದ ಕೈಗೆ ಅರ್ಥವೇನು ಎಂದು ಅವಳಿಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಅವಳು ನನ್ನ ಮುಖವನ್ನೇ ನೋಡುತ್ತಿದ್ದಳು, ಗೋಡೆಯನ್ನಲ್ಲ. ಇಷ್ಟು ವರ್ಷ ನನ್ನ ಮಾತಿಗೆಲ್ಲ "ನೋಡೂಣು" ಅಂದವಳು ಈಗ ನಿಜವಾಗಿಯೂ ನೋಡುತ್ತಿದ್ದಳು. ಚಾದರ ಇನ್ನೂ ನಮ್ಮ ಕೈಯಲ್ಲೇ ಇತ್ತು. ಮತ್ತೆ ಅದರ ಕೆಳಗೆ ಕೈ ಹಾಕಬಹುದಿತ್ತು. ಮರ್ಯಾದೆ ಬಿಟ್ಟು ಹಾಕುವವರೂ ಇದ್ದಾರೆ.

ನಾನು ಬಾಯಿ ಮುಚ್ಚಿಕೊಂಡೆ, ಚಾದರ ಮಡಚಿದೆ. ಚಿಂತೆ ಮಾಡದೆ ನಾನು ಮಾಡಿದ ಮೊದಲ ವ್ಯವಹಾರ ಅದು.

ಆ ಮಳೆಗಾಲ ಕೃಷ್ಣೆ ಏರಿದಳು, ಪ್ರತಿ ವರ್ಷದಂತೆ ಘಾಟಿನ ಮೆಟ್ಟಿಲು ನುಂಗಿದಳು, ಓಣಿಯ ಬಾಯಿಯವರೆಗೂ ಬಾರದೆ ತಿರುಗಿ ಹೋದಳು. ಮುಂದಿನ ವರ್ಷ ಬರಬಹುದು. ಬಂದರೆ ಹಿಟ್ಟಿನ ಡಬ್ಬಿ ಮೇಲೆ ಒಯ್ಯಬೇಕು, ಆ ಡಬ್ಬಿ ಎತ್ತುವುದನ್ನು ನಾನೂ ಕಲಿಯಬೇಕು. ಕಾಕಾ ತಮ್ಮ ಕಪಾಟನ್ನು ಮತ್ತೆ ಮೊದಲಿನ ಜಾಗಕ್ಕೆ ಎಳೆದು, "ಟಿಟವಿಗೆ ಖಡಿ ಬೇಕಾಗಿತ್ತು, ಅಷ್ಟ. ಮಳಿ ಸುದ್ದಿ ಅದಕೇನ ಗೊತ್ತು?" ಎಂದು ನನಗೇ ಬುದ್ಧಿ ಹೇಳಿದರು. ಗಚ್ಚಿಗೆ ಹೋದರೆ ಈಗ ಯಾರೂ ಬೈಯುವುದಿಲ್ಲ. ಎಕ್ಕೆ ಕಾಯಿ ಬಿಟ್ಟಿದೆ.

ಆದರೆ ನಾನು ಎಣಿಸದೇ ಇದ್ದ ಒಂದು ಎಡವಟ್ಟು ಆ ರವಿವಾರ ಆಗಿಯೇ ಆಗಿತ್ತು. ಮರಿಗಳು ಹೋದ ಮೇಲೂ ಜನ ಹೋಗಲಿಲ್ಲ. ಕಾಕಾ, ಚೌಗುಲೆ, ರಿಕ್ಷಾದವನು, ರಿಕ್ಷಾದಿಂದ ಇಳಿದವರು, ಎಲ್ಲರೂ ನಮ್ಮ ಕಟ್ಟೆಯ ಮೇಲೆ ಕೂತು, ತಾವು ಕಂಡದ್ದನ್ನು ಅದನ್ನೇ ಕಂಡವರಿಗೆ ಹೇಳಲು ಹತ್ತಿದರು. ಸುಮಂಗಲಾ ದೊಡ್ಡ ಪಾತ್ರೆಯಲ್ಲಿ ಚಹಾಕ್ಕೆ ಇಟ್ಟಳು. ಶುಂಠಿ ಕುದಿಯುವ ವಾಸನೆ ಬಂತು. ಆಮೇಲೆ ಒಳಗಿನಿಂದ ಅವಳ ದನಿ:

"ರೀ, ಚಹಾ ಸೋಸೋ ಗಾಳಣಿ ಎಲ್ಲಿಟ್ಟೀರಿ?"

ಅದು ಮಿರಜಿನಲ್ಲಿತ್ತು. ಎರಡನೆಯ ಪೆಟ್ಟಿಗೆಯಲ್ಲೋ ಮೂರನೆಯದರಲ್ಲೋ, ಮಳೆಕೋಟುಗಳ ಕೆಳಗೆ. ಯಾವಾಗ ನೋಡಿದರೂ ಮೊಳೆಗೆ ನೇತಾಡುತ್ತ ಸುಮ್ಮನಿರುವ ವಸ್ತು ಅದು. ಎಂದೂ ಚಹಾ ಮಾಡದ ನಾನು ಅದನ್ನು ನಿತ್ಯ ಬೇಕಾಗದ ಸಾಮಾನಿಗೆ ಸೇರಿಸಿದ್ದೆ. ಸೋಸದ ಚಹಾ ಕಪ್ಪುಗಳಲ್ಲಿ ಬಂತು. ಪುಡಿ ತಳಕ್ಕೆ ಕೂರಲಿ ಎಂದು ಎಲ್ಲರೂ ಸ್ವಲ್ಪ ಹೊತ್ತು ಗಂಭೀರವಾಗಿ ಕಾದರು, ಕಾದು ಕುಡಿದರು, ಕುಡಿದು ಥೂ ಥೂ ಅಂದರು. ಚೌಗುಲೆ ನಾಲಿಗೆಯ ಮೇಲಿನ ಪುಡಿಯನ್ನು ಬೆರಳಿನಿಂದ ತೆಗೆಯುತ್ತ ಕೇಳಿದರು, "ವಹಿನಿ, ಗಾಳಣಿ ಕುಠಂ ಗೇಲಿ?" ಅತ್ತಿಗೆ, ಗಾಳಣಿ ಎಲ್ಲಿಗೆ ಹೋಯಿತು?

"ಮಿರಜೇಲಾ," ಎಂದಳು ಸುಮಂಗಲಾ. ಆಮೇಲೆ ನನ್ನ ಕಡೆ ತಿರುಗಿ, ಕನ್ನಡದಲ್ಲಿ, "ನಾಳೆ ಬರತೈತಿ. ಹೌದಲ್ರೀ?"

ಬಾಯ್ತುಂಬ ಚಹಾಪುಡಿ ಇತ್ತು. ನಾನು ಹೌದೆಂದು ತಲೆ ಆಡಿಸಿದೆ.